ವೆಂಬ್ಲಿ ಸ್ಟೇಡಿಯಂ ದುಡ್ಡು ಪಬ್ಬಿನ ಮೂಲೆಗೆ ಯಾಕೆ ಹೋಗ್ಬೇಕು?

2024ರ ಸೆಪ್ಟೆಂಬರಲ್ಲಿ ಕೋಲ್ಡ್‌ಪ್ಲೇ ಬ್ಯಾಂಡಿನ ಬಗ್ಗೆ ಎರಡು ಸುದ್ದಿ ಬಂತು. ಒಂದು ನಮ್ಮೆಲ್ಲರಿಗೂ ಗೊತ್ತು. ಮುಂಬೈ ಶೋ ಟಿಕೆಟ್‌ಗೆ ಬುಕ್‌ಮೈಶೋ ಓಪನ್ ಆದ ತಕ್ಷಣ ಲಕ್ಷಗಟ್ಟಲೆ ಜನ ನುಗ್ಗಿ, ಆಪ್ ಮಕಾಡೆ ಮಲಗಿ, ಆಮೇಲೆ ಬ್ಲ್ಯಾಕಲ್ಲಿ ಬಾಯಿಗೆ ಬಂದ ರೇಟಿಗೆ ಟಿಕೆಟ್ ಓಡಾಡಿದ್ದು. ಇನ್ನೊಂದು ಸುದ್ದಿ ಅಷ್ಟು ಸದ್ದು ಮಾಡಲಿಲ್ಲ. 2025ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಮತ್ತೆ ಹಲ್ ಅನ್ನೋ ಊರಲ್ಲಿ ಮಾಡೋ ಶೋಗಳಿಂದ ತಮ್ಮ ಪಾಲಿಗೆ ಬರೋದ್ರಲ್ಲಿ 10 ಪರ್ಸೆಂಟ್ ತೆಗೆದು ಬ್ರಿಟನ್ನಿನ ಸಣ್ಣ ಸಣ್ಣ ಮ್ಯೂಸಿಕ್ ವೆನ್ಯೂಗಳಿಗೆ ಕೊಡ್ತೀವಿ ಅಂತ ಅದೇ ಬ್ಯಾಂಡ್ ಹೇಳಿದ್ದು.

ಎರಡನೇದನ್ನ ಓದಿದ ಬಹಳ ಜನಕ್ಕೆ ಇದು ಏನೋ ಚ್ಯಾರಿಟಿ, ಶ್ರೀಮಂತರ ದಾನಧರ್ಮ ಅನ್ನಿಸ್ತು. ಆಮೇಲೆ ಅಲ್ಲಿನ ಪಾರ್ಲಿಮೆಂಟ್ ಕಮಿಟಿ, ಟಿಕೆಟ್‌ಗೆ ಒಂದು ಪೌಂಡ್ ಲೆವಿ (ಸೆಸ್ ಥರದ ವಸೂಲಿ), ಸರ್ಕಾರದ ಉತ್ತರ ಅಂತೆಲ್ಲ ಬರೋಕೆ ಶುರುವಾದಾಗ ಗೊಂದಲ ಇನ್ನೂ ಜಾಸ್ತಿ ಆಯ್ತು. ಜನ ದುಡ್ಡು ಕೊಟ್ಟಿರೋದು ದೊಡ್ಡ ಬ್ಯಾಂಡ್ ನೋಡೋಕೆ, ಹಂಗಿದ್ಮೇಲೆ ಹೆಸರೇ ಕೇಳದ ಬ್ಯಾಂಡಿಗೆ ಅದರಲ್ಲಿ ಪಾಲು ಯಾಕೆ? ಚೆನ್ನಾಗಿ ನುಡಿಸಿದ್ರೆ ಅವರಿಗೂ ಜನ ಬರ್ತಿದ್ರಲ್ವಾ? ಪ್ರಶ್ನೆ ನ್ಯಾಯವಾಗಿದೆ, ಉತ್ತರ ಮಾತ್ರ ಸ್ವಲ್ಪ ಸುತ್ತಿ ಬರತ್ತೆ.

## ಒಂದು ಪೌಂಡ್ ಸರಿ, ಯಾರ ಪೌಂಡ್?

ಬ್ರಿಟನ್ನಲ್ಲಿ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ, 2014ರಲ್ಲಿ ಶುರುವಾಗಿದ್ದು. 100, 200, 300 ಜನ ಹಿಡಿಸೋ, ಮುಂದೆ ಬಾರು ಹಿಂದೆ ಸ್ಟೇಜು ಇರೋ ಥರದ ಜಾಗಗಳ ಪರವಾಗಿ ಮಾತಾಡೋದು ಅದರ ಕೆಲಸ. ಅದರ ಲೆಕ್ಕದ ಪ್ರಕಾರ 2023 ಒಂದೇ ವರ್ಷದಲ್ಲಿ ಇಂಥ 125 ಕಡೆ ಲೈವ್ ಮ್ಯೂಸಿಕ್ ನಿಂತೋಯ್ತು. ಅದರಲ್ಲಿ ಬಾತ್ ಊರಿನ ಮೋಲ್ಸ್ ಕೂಡ ಇತ್ತು. 45 ವರ್ಷ ನಡೆದ ಕ್ಲಬ್ಬು, ಓಯಸಿಸ್, ರೇಡಿಯೋಹೆಡ್ ಎಲ್ಲ ಹೆಸರು ಮಾಡೋ ಮುಂಚೆ ನುಡಿಸಿದ ಜಾಗ, ಆ ಡಿಸೆಂಬರಲ್ಲಿ ದುಡ್ಡಿಲ್ಲ ಅಂತ ಬಾಗಿಲು ಹಾಕ್ತು. 2024ಕ್ಕೆ ಲೆಕ್ಕ ಹಾಕಿದಾಗ ಉಳಿದಿದ್ದು 810. ಅದರಲ್ಲಿ 43.8 ಪರ್ಸೆಂಟ್ ವೆನ್ಯೂ ನಷ್ಟದಲ್ಲಿತ್ತು, ಒಟ್ಟಾರೆ ಲಾಭದ ಪ್ರಮಾಣ 0.48 ಪರ್ಸೆಂಟ್, ಅಂದ್ರೆ ನೂರು ರೂಪಾಯಿ ವ್ಯಾಪಾರ ಮಾಡಿದ್ರೆ ಕೈಲಿ ಉಳಿಯೋದು 48 ಪೈಸೆ.

ಇದನ್ನ ನೋಡಿ ಅಲ್ಲಿನ ಪಾರ್ಲಿಮೆಂಟಿನ ಸಂಸ್ಕೃತಿ ಕಮಿಟಿ 2024ರ ಮೇ ತಿಂಗಳಲ್ಲಿ ಒಂದು ರಿಪೋರ್ಟ್ ಕೊಡ್ತು. ದೊಡ್ಡ ಅರೀನಾ, ಸ್ಟೇಡಿಯಂ ಶೋಗಳ ಟಿಕೆಟ್ಟಿಂದ ಒಂದಷ್ಟು ತೆಗೆದು ಸಣ್ಣ ವೆನ್ಯೂಗಳಿಗೆ, ಅಲ್ಲಿ ನುಡಿಸೋರಿಗೆ, ಶೋ ಹಾಕೋ ಪ್ರಮೋಟರುಗಳಿಗೆ ಕೊಡಿ, ನೀವಾಗೇ ಮಾಡ್ಲಿಲ್ಲ ಅಂದ್ರೆ ಸರ್ಕಾರ ಕಾನೂನು ಮಾಡ್ಬೇಕಾಗತ್ತೆ ಅಂತ. ನವೆಂಬರಲ್ಲಿ ಸರ್ಕಾರನೂ ಸ್ವಯಂಪ್ರೇರಿತ ಲೆವಿಗೆ ಹೂಂ ಅಂತು. ಚರ್ಚೆಯಲ್ಲಿರೋ ಸೂತ್ರ ಸರಳ, 5,000ಕ್ಕಿಂತ ಹೆಚ್ಚು ಜನ ಹಿಡಿಸೋ ಶೋ ಆದ್ರೆ ಟಿಕೆಟ್‌ಗೆ ಒಂದು ಪೌಂಡ್. 80 ಸಾವಿರ ಜನ ಬಂದ್ರೆ ಒಂದೇ ರಾತ್ರಿಗೆ 80 ಸಾವಿರ ಪೌಂಡ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಪೌಂಡ್ ಟಿಕೆಟ್ ರೇಟಿನ ಮೇಲೆ ಕೂತ್ರೆ ಕೊಡೋನು ಅಭಿಮಾನಿ. ರೇಟಿನ ಒಳಗೇ ಸೇರಿದ್ರೆ ಬ್ಯಾಂಡು, ಪ್ರಮೋಟರು, ಸ್ಟೇಡಿಯಂ ಮೂವರೂ ತಮ್ಮ ಪಾಲಲ್ಲಿ ಬಿಟ್ಕೊಡ್ಬೇಕು. ಅಭಿಮಾನಿ ತಲೆ ಮೇಲೆ ಹಾಕ್ಬೇಡಿ ಅಂತ ಕಮಿಟಿ ಹೇಳಿದೆ. ಆದ್ರೆ ಟಿಕೆಟ್ ರೇಟ್ ಫಿಕ್ಸ್ ಮಾಡೋರೇ ಅವರು, ಮುಂಚೆನೇ ಒಂದು ಪೌಂಡ್ ಜಾಸ್ತಿ ಇಟ್ಟು "ನಾವೇ ಕೊಟ್ವಿ" ಅಂದ್ರೆ ಯಾರು ಕೇಳ್ತಾರೆ? ಕೋಲ್ಡ್‌ಪ್ಲೇ ಮಾಡಿದ್ದು ಬೇರೆ ಥರ, ತಮ್ಮ ಗಳಿಕೆಯಿಂದಾನೇ ಕೊಟ್ಟಿದ್ದು. ಸ್ಯಾಮ್ ಫೆಂಡರ್ ಅನ್ನೋ ಗಾಯಕ 2024ರ ಡಿಸೆಂಬರ್ ಅರೀನಾ ಟೂರಲ್ಲಿ ಟಿಕೆಟ್‌ಗೆ ಒಂದು ಪೌಂಡಿನ ಹಾಗೆ 1 ಲಕ್ಷ ಪೌಂಡ್ ಕೊಟ್ಟ. ಎಲ್ಲರೂ ಹಿಂಗೇ ಇರಲ್ಲ ಅನ್ನೋದೇ ಸಮಸ್ಯೆ, ಸ್ವಯಂಪ್ರೇರಿತ ಅಂದ್ರೆ ಮನಸ್ಸಿದ್ದೋರು ಕೊಡ್ತಾರೆ, ಇಲ್ಲದೋರು ಕೊಡಲ್ಲ, ಅಷ್ಟೇ.

## 80 ಟಿಕೆಟ್ ಹೋದ ರಾತ್ರಿ

ಸಣ್ಣ ವೆನ್ಯೂ ಯಾಕೆ ಮುಳುಗತ್ತೆ ಅಂತ ಗೊತ್ತಾಗ್ಬೇಕಂದ್ರೆ ಒಂದು ರಾತ್ರಿ ಲೆಕ್ಕ ಹಾಕಿ ನೋಡ್ಬೇಕು. ಕೆಳಗಿನ ಖರ್ಚೆಲ್ಲ ಉದಾಹರಣೆಗೆ ಅಂತ ಇಟ್ಕೊಂಡಿರೋದು, ತೆರಿಗೆ ಮತ್ತೆ ರಾಯಲ್ಟಿ ರೇಟು ಮಾತ್ರ ಅಲ್ಲಿನ ನಿಜವಾದ ರೇಟು.

150 ಜನ ಹಿಡಿಸೋ ರೂಮು, ಮಂಗಳವಾರ ರಾತ್ರಿ, ಹೊರಗೆ ಮಳೆ, ಟಿಕೆಟ್ 10 ಪೌಂಡ್, ಬಂದೋರು 80 ಜನ. ಕಲೆಕ್ಷನ್ 800. ಬ್ರಿಟನ್ನಲ್ಲಿ ಟಿಕೆಟ್ ಮೇಲೆ 20 ಪರ್ಸೆಂಟ್ ವ್ಯಾಟ್, ಅದು ಆ 10 ಪೌಂಡ್ ಒಳಗೇ ಇರೋದ್ರಿಂದ ವ್ಯಾಟ್ ಕಟ್ಟೋ ವೆನ್ಯೂ ಆದ್ರೆ 133 ಅಲ್ಲೇ ಹೋಯ್ತು. ಹಾಡು ಬರೆದೋರ ರಾಯಲ್ಟಿ 4.2 ಪರ್ಸೆಂಟ್, ಅದೊಂದು 30 ಪೌಂಡ್ ಹತ್ರ. ಸೌಂಡ್ ನೋಡ್ಕೊಳ್ಳೋನಿಗೆ 150, ಬಾಗಿಲಲ್ಲಿ ನಿಲ್ಲೋ ಸೆಕ್ಯುರಿಟಿಗೆ 150. ಮೇನ್ ಬ್ಯಾಂಡಿಗೆ 200, ಮುಂಚೆ ನುಡಿಸಿದ ಎರಡು ಬ್ಯಾಂಡಿಗೆ ಐವತ್ತೈವತ್ತು. ಉಳಿದಿದ್ದು 37 ಪೌಂಡ್. ಬಾಡಿಗೆ, ಕರೆಂಟು, ಹೀಟರು, ಮೈಕ್ ಕೆಟ್ರೆ ರಿಪೇರಿ, ಪೋಸ್ಟರು, ಎಲ್ಲ ಇದರಲ್ಲೇ ಆಗ್ಬೇಕು.

ಆ ಬ್ಯಾಂಡಿನ ಕಡೆಯಿಂದ ನೋಡಿದ್ರೂ ಅಷ್ಟೇ. ನಾಲ್ಕು ಜನಕ್ಕೆ 200 ಪೌಂಡ್, ತಲಾ ಐವತ್ತು. ಡ್ರಮ್ ಕಿಟ್ಟು, ಆಂಪ್ಲಿಫೈಯರು ತುಂಬ್ಕೊಂಡು ಬಂದ ವ್ಯಾನಿನ ಬಾಡಿಗೆ, ಡೀಸೆಲ್ಲು ಕಳೆದ್ರೆ ಊಟಕ್ಕೂ ಕಷ್ಟ.

ಹಂಗಾಗಿ ವೆನ್ಯೂ ಬದುಕೋದು ಬಾರಿಂದ. ಬಿಯರ್ ಮಾರಿದ ದುಡ್ಡಲ್ಲಿ ಮ್ಯೂಸಿಕ್ಕಿನ ನಷ್ಟ ತುಂಬಿಸ್ತಾರೆ. ಹೀಗೆ ತಮ್ಮ ಜೇಬಿಂದ ತುಂಬಿಸಿದ್ದು 2024ರಲ್ಲಿ ಒಟ್ಟು 16.2 ಕೋಟಿ ಪೌಂಡ್ ಅಂತ ಟ್ರಸ್ಟ್ ಹೇಳತ್ತೆ. ಈಗ ಕರೆಂಟ್ ಬಿಲ್ ಏರಿದೆ, ಬಾಡಿಗೆ ಏರಿದೆ, 2025ರ ಏಪ್ರಿಲ್ಲಿಂದ ಅಲ್ಲಿನ ವಾಣಿಜ್ಯ ಆಸ್ತಿ ತೆರಿಗೆಯ ರಿಯಾಯಿತಿನೂ 75ರಿಂದ 40 ಪರ್ಸೆಂಟಿಗೆ ಇಳೀತು, ಬಾರಿನ ಲಾಭ ಇದನ್ನೆಲ್ಲ ತಡ್ಕೊಳ್ಳೋ ಹಂಗಿಲ್ಲ. ಅದಕ್ಕೇ ಮಾಲೀಕ ಮೊದಲು ಕೈಬಿಡೋದು ಮ್ಯೂಸಿಕ್ಕನ್ನ. ಕ್ವಿಜ್ ನೈಟ್ ಇಡ್ತಾನೆ, ಟಿವಿಲಿ ಫುಟ್‌ಬಾಲ್ ಹಾಕ್ತಾನೆ. ಪಬ್ಬು ಉಳಿಯತ್ತೆ, ಸ್ಟೇಜು ಹೋಗತ್ತೆ.

## ಗ್ಲಾಸ್ಗೋದ ಮಹಡಿ ಮೇಲಿನ ರೂಮು

ಹೋದ್ರೆ ಹೋಗ್ಲಿ, ಯಾರಿಗೇನು ನಷ್ಟ? ಈ ಪ್ರಶ್ನೆಗೆ ಓಯಸಿಸ್ ಕತೆಗಿಂತ ಒಳ್ಳೆ ಉತ್ತರ ಇಲ್ಲ.

1993ರ ಮೇ 31. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಿಂಗ್ ಟಟ್ಸ್ ವಾ ವಾ ಹಟ್ ಅಂತ ಒಂದು ಜಾಗ, ಕಷ್ಟಪಟ್ಟು 300 ಜನ ಹಿಡಿಸತ್ತೆ. ಆ ರಾತ್ರಿಯ ಪಟ್ಟಿಯಲ್ಲಿ ಓಯಸಿಸ್ ಹೆಸರೇ ಇರಲಿಲ್ಲ. ಪ್ರಾಕ್ಟೀಸ್ ರೂಮ್ ಹಂಚ್ಕೊಂಡಿದ್ದ ಇನ್ನೊಂದು ಬ್ಯಾಂಡಿನ ಜೊತೆ ಮ್ಯಾಂಚೆಸ್ಟರಿಂದ ವ್ಯಾನಲ್ಲಿ ಬಂದಿಳಿದು, ಬಂದಿದ್ದೀವಿ ನುಡಿಸೋಕೆ ಬಿಡಿ ಅಂತ ಕೂತ್ರು. ನಾಲ್ಕು ಹಾಡಿಗೆ ಜಾಗ ಸಿಕ್ತು. ಕೇಳೋಕಿದ್ದೋರು ಬೆರಳೆಣಿಕೆ ಜನ, ಅದರಲ್ಲಿ ಒಬ್ಬ ಕ್ರಿಯೇಷನ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿಯ ಮಾಲೀಕ ಅಲನ್ ಮೆಗೀ. ಅವನು ಬಂದಿದ್ದು ಇವರನ್ನ ನೋಡೋಕಲ್ಲ. ಕೇಳಿದ, ಅಲ್ಲೇ ಮಾತಾಡಿದ, ಕಾಂಟ್ರಾಕ್ಟ್ ಆಯ್ತು. ಮೂರು ವರ್ಷ ಆದ್ಮೇಲೆ, 1996ರ ಆಗಸ್ಟಲ್ಲಿ ನೆಬ್‌ವರ್ತ್ ಅನ್ನೋ ಕಡೆ ಇದೇ ಬ್ಯಾಂಡಿನ ಎರಡು ರಾತ್ರಿ ಶೋಗೆ ಎರಡೂವರೆ ಲಕ್ಷ ಜನ ಬಂದ್ರು, ಟಿಕೆಟ್‌ಗೆ ಅರ್ಜಿ ಹಾಕಿದ್ದೋರು 25 ಲಕ್ಷಕ್ಕೂ ಹೆಚ್ಚು. 2024ರಲ್ಲಿ ಮತ್ತೆ ಒಂದಾಗ್ತೀವಿ ಅಂದಾಗ 148 ಪೌಂಡ್ ಅಂದಿದ್ದ ಟಿಕೆಟ್ಟು ಕ್ಯೂನಲ್ಲಿ ನಿಂತಿರೋ ಹೊತ್ತಿಗೆ 355 ಆಗಿ, ಅದೇ ದೊಡ್ಡ ರಂಪ ಆಗಿ, ಗ್ರಾಹಕ ಹಕ್ಕು ನೋಡ್ಕೊಳ್ಳೋ ಸಂಸ್ಥೆ ತನಿಖೆಗೆ ಇಳೀತು.

ಆ 355 ಪೌಂಡ್ ಟಿಕೆಟ್ಟಿನ ಬೇರು ಇರೋದು ಆ 300 ಜನದ ರೂಮಲ್ಲಿ. ಆ ಸೋಮವಾರ ರಾತ್ರಿ ಅಲ್ಲಿ ಸ್ಟೇಜ್ ಬದಲು ಟಿವಿ ಇದ್ದಿದ್ರೆ? ಓಯಸಿಸ್ ಬೇರೆಲ್ಲೋ ಬೆಳಕಿಗೆ ಬರ್ತಿತ್ತೇನೋ, ಬರ್ದೆನೂ ಇರ್ತಿತ್ತೇನೋ. ಆದ್ರೆ ಆ ರೂಮಿನ ಕರೆಂಟ್ ಬಿಲ್ ಕಟ್ಟಿದೋನಿಗೆ ನೆಬ್‌ವರ್ತ್ ಗೇಟ್ ಕಲೆಕ್ಷನ್ನಲ್ಲಿ ಒಂದು ಪೈಸೆನೂ ಬರಲಿಲ್ಲ. ಲೆವಿ ಕೇಳೋರ ವಾದದ ತಿರುಳು ಇದೇ. ಔಷಧಿ ಕಂಪನಿ ಹೊಸ ಮಾತ್ರೆ ಕಂಡುಹಿಡಿಯೋಕೆ ತನ್ನ ಲಾಭದಲ್ಲೇ ಲ್ಯಾಬ್ ನಡೆಸತ್ತೆ. ಮ್ಯೂಸಿಕ್ ಇಂಡಸ್ಟ್ರಿಗೆ ಲ್ಯಾಬ್ ಅಂದ್ರೆ ಈ ರೂಮುಗಳು, ಅದರ ಖರ್ಚು ಮಾತ್ರ ಬೇರೆ ಯಾರೋ ಬಿಯರ್ ಮಾರಿ ಕಟ್ತಾ ಬಂದಿದ್ದಾರೆ. ಕೋಲ್ಡ್‌ಪ್ಲೇ ಕೂಡ 1998ರಲ್ಲಿ ಮೊದಲ ಶೋ ಮಾಡಿದ್ದು ಲಂಡನ್ ಕ್ಯಾಮ್ಡೆನ್‌ನ ಒಂದು ಪಬ್ಬಲ್ಲೇ, ಆಗ ಅವರ ಹೆಸರು ಸ್ಟಾರ್‌ಫಿಶ್ ಅಂತ ಇತ್ತು.

## "ಚೆನ್ನಾಗಿದ್ರೆ ತಾನಾಗೇ ಮೇಲೆ ಬರತ್ತೆ" ಅನ್ನೋ ಮಾತು ಎಷ್ಟು ನಿಜ

ಇನ್ನು ಎಲ್ಲರ ಬಾಯಲ್ಲೂ ಬರೋ ವಾದ. ಪ್ರತಿಭೆ ಇದ್ರೆ ಜನ ಹುಡುಕ್ಕೊಂಡು ಬರ್ತಾರೆ, ಜನ ಬಂದಿಲ್ಲ ಅಂದ್ರೆ ಅಷ್ಟು ಪ್ರತಿಭೆ ಇಲ್ಲ. ಕೇಳೋಕೆ ಸರಿ ಅನ್ಸತ್ತೆ. ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ.

ಅಮೆರಿಕದಲ್ಲಿ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅನ್ನೋ ಮೂವರು ಸಂಶೋಧಕರು ಒಂದು ವೆಬ್‌ಸೈಟ್ ಮಾಡಿದ್ರು, ಫಲಿತಾಂಶ 2006ರಲ್ಲಿ ಪ್ರಕಟ ಆಯ್ತು. ಯಾರೂ ಹೆಸರು ಕೇಳದ ಬ್ಯಾಂಡುಗಳ 48 ಹಾಡು, ಕೇಳೋಕೆ ಬಂದೋರು 14,341 ಜನ. ಇಷ್ಟ ಆದ್ರೆ ಡೌನ್‌ಲೋಡ್ ಮಾಡ್ಕೋಬಹುದು. ಒಂದು ಗುಂಪಿಗೆ ಹಾಡು ಮಾತ್ರ ತೋರಿಸಿದ್ರು. ಉಳಿದೋರನ್ನ ಎಂಟು ಗುಂಪು ಮಾಡಿ, ಆಯಾ ಗುಂಪಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅಂತಾನೂ ಪಕ್ಕದಲ್ಲಿ ತೋರಿಸಿದ್ರು. ಒಂದು ಗುಂಪಿನ ಲೆಕ್ಕ ಇನ್ನೊಂದಕ್ಕೆ ಗೊತ್ತಾಗ್ತಿರಲಿಲ್ಲ, ಅಂದ್ರೆ ಅದೇ 48 ಹಾಡಿನ ಚರಿತ್ರೆ ಎಂಟು ಸಲ ಮೊದಲಿಂದ ನಡೆದಂಗೆ.

ಬೇರೆಯವರ ಆಯ್ಕೆ ಕಾಣದೆ ಕೇಳಿದ ಗುಂಪಲ್ಲಿ ಒಂದು ಹಾಡು 26ನೇ ಸ್ಥಾನದಲ್ಲಿತ್ತು, ಅಂದ್ರೆ ಸಾಧಾರಣ. ಅದೇ ಹಾಡು ಆ ಎಂಟು ಗುಂಪುಗಳಲ್ಲಿ ಒಂದರಲ್ಲಿ ನಂಬರ್ ಒನ್, ಇನ್ನೊಂದರಲ್ಲಿ 40ನೇದು. ಹಾಡು ಅದೇ, ದನಿ ಅದೇ, ಗಿಟಾರ್ ಅದೇ. ಶುರುವಲ್ಲಿ ಯಾರೋ ನಾಲ್ಕು ಜನ ಡೌನ್‌ಲೋಡ್ ಮಾಡಿದ್ರು, ಅದನ್ನ ನೋಡಿ ಇನ್ನು ಹತ್ತು ಜನ, ಆ ಹತ್ತು ನೋಡಿ ನೂರು. ಹೋಟೆಲ್ ಮುಂದೆ ಜನ ಜಾಸ್ತಿ ಇದ್ರೆ ಅಲ್ಲೇ ದೋಸೆ ಚೆನ್ನಾಗಿರ್ಬೇಕು ಅಂತ ನಾವೂ ಅಲ್ಲೇ ನಿಲ್ಲಲ್ವಾ, ಹಂಗೆ.

ಹಾಗಂತ ಇದೆಲ್ಲ ಬರೀ ಲಾಟರಿ ಅಲ್ಲ. ತುಂಬಾ ಚೆನ್ನಾಗಿರೋ ಹಾಡು ಪೂರ್ತಿ ತಳಕ್ಕೆ ಹೋಗಿದ್ದು ಕಡಿಮೆ, ತೀರಾ ಕಿತ್ತೋಗಿರೋ ಹಾಡು ಮೇಲೆ ಬಂದಿದ್ದೂ ಕಡಿಮೆ. ಗೊಂದಲ ಇರೋದು ಮಧ್ಯದಲ್ಲಿ, ಹಾಡುಗಳು ಹೆಚ್ಚಾಗಿ ಇರೋದೂ ಅಲ್ಲೇ. ಇಂಡಿ ಬ್ಯಾಂಡ್ (ದೊಡ್ಡ ಕಂಪನಿ ಬೆನ್ನಿಗಿಲ್ಲದೆ ಸ್ವಂತವಾಗಿ ನಡೆಯೋ ಬ್ಯಾಂಡ್) ಅಂದ ತಕ್ಷಣ ಎಲ್ಲ ಮುತ್ತುರತ್ನ ಅಂತ ವಾದಿಸೋರು ಇದನ್ನ ಗಮನಿಸ್ಬೇಕು. ಹೆಸರಿಲ್ಲದ ಬ್ಯಾಂಡುಗಳಲ್ಲಿ ಬಹಳಷ್ಟು ಹೆಸರಿಲ್ಲದೆ ಇರೋಕೆ ಕಾರಣ ಇದೆ, ಶ್ರುತಿ ಸರಿ ಇರಲ್ಲ, ಹಾಡು ನೆನಪಲ್ಲಿ ಉಳಿಯಲ್ಲ. ಅದೇ ಥರ ಸ್ಟೇಡಿಯಂ ತುಂಬಿಸೋ ಬ್ಯಾಂಡು 80 ಜನ ಬರೋ ಬ್ಯಾಂಡಿಗಿಂತ ಸಾವಿರ ಪಟ್ಟು ಚೆನ್ನಾಗಿದೆ ಅನ್ನೋಕೂ ಆಗಲ್ಲ. ಚೆನ್ನಾಗಿರಬಹುದು, ಸಾವಿರ ಪಟ್ಟು ಅಲ್ಲ. ದುಡ್ಡಲ್ಲಿ ಮಾತ್ರ ಸಾವಿರ ಪಟ್ಟು ಅಂತರ ಇದೆ.

ಈ ಅಂತರ ಹೇಗೆ ಬೆಳೀತು ಅಂತ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಲೆಕ್ಕ ಹಾಕಿದ್ರು, ಒಬಾಮ ಅವರ ಆರ್ಥಿಕ ಸಲಹಾ ಮಂಡಳಿ ಮುಖ್ಯಸ್ಥರಾಗಿದ್ದೋರು. 1982ರಲ್ಲಿ ಕಾನ್ಸರ್ಟ್ ಗಳಿಕೆಯಲ್ಲಿ ಮೇಲಿನ 1 ಪರ್ಸೆಂಟ್ ಕಲಾವಿದರ ಪಾಲು 26 ಪರ್ಸೆಂಟ್ ಇತ್ತು. 2017ಕ್ಕೆ ಅದು 60 ಪರ್ಸೆಂಟ್. ಈ 35 ವರ್ಷದಲ್ಲಿ ದೊಡ್ಡವರ ಪ್ರತಿಭೆ ಎರಡು ಪಟ್ಟು ಆಗಿರೋಕೆ ಸಾಧ್ಯ ಇಲ್ಲ. ಆಗಿದ್ದು ಏನಂದ್ರೆ ಸ್ಪೀಕರು, ಸ್ಕ್ರೀನು ದೊಡ್ಡದಾಗಿ ಒಂದೇ ಬ್ಯಾಂಡ್ ಒಂದು ರಾತ್ರಿಗೆ ಮುಟ್ಟೋ ಜನ ಜಾಸ್ತಿ ಆದ್ರು, ಆನ್‌ಲೈನಲ್ಲಿ ಎಲ್ಲರೂ ಅದನ್ನೇ ಮಾತಾಡೋದ್ರಿಂದ ನಾವೂ ಹೋಗ್ಲಿಲ್ಲ ಅಂದ್ರೆ ಹೆಂಗೆ ಅನ್ನೋ ಚಡಪಡಿಕೆ ಶುರುವಾಯ್ತು, ಟಿಕೆಟ್ ರೇಟು ಏರ್ತು, ವರ್ಷಕ್ಕೆ ಮ್ಯೂಸಿಕ್ಕಿಗೆ ಅಂತ ಎತ್ತಿಟ್ಟ ದುಡ್ಡೆಲ್ಲ ಒಂದೇ ಟಿಕೆಟ್ಟಿಗೆ ಖಾಲಿ ಆಯ್ತು. 355 ಪೌಂಡ್ ಕೊಟ್ಟೋನು ಆ ತಿಂಗಳು 10 ಪೌಂಡ್ ಶೋಗೆ ಹೋಗೋದು ಡೌಟೇ.

## ಅದೇ ವರ್ಷ, ಉಲ್ಟಾ ದಿಕ್ಕಲ್ಲಿ

ತಮಾಷೆ ಏನಂದ್ರೆ ಮೇಲಿಂದ ಕೆಳಕ್ಕೆ ದುಡ್ಡು ಹರೀಬೇಕು ಅಂತ ಬ್ರಿಟನ್ನಲ್ಲಿ ಮಾತಾಡ್ತಿದ್ದ ಅದೇ 2024ರಲ್ಲಿ ಸ್ಪಾಟಿಫೈ ಕೆಳಗಿಂದ ಮೇಲಕ್ಕೆ ಹರಿಯೋ ನಿಯಮ ತಂತು.

ನಿಯಮ ಇಷ್ಟೇ, ಹಿಂದಿನ 12 ತಿಂಗಳಲ್ಲಿ ಒಂದು ಹಾಡನ್ನ ಕನಿಷ್ಠ 1,000 ಸಲ ಕೇಳಿರ್ಬೇಕು, ಇಲ್ಲ ಅಂದ್ರೆ ಆ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಸ್ಪಾಟಿಫೈ ಹೇಳೋದ್ರಲ್ಲೂ ಅರ್ಥ ಇದೆ. ಇಂಥ ಹಾಡುಗಳಿಗೆ ತಿಂಗಳಿಗೆ ಸರಾಸರಿ 3 ಸೆಂಟ್ ಬರ್ತಿತ್ತು, ಅದು ಕಲಾವಿದರ ಹಾಡನ್ನ ಆಪ್‌ಗೆ ಹಾಕ್ಸೋ ಮಧ್ಯದ ಡಿಸ್ಟ್ರಿಬ್ಯೂಟರ್ ಅಕೌಂಟಲ್ಲೇ ಕೂತಿರ್ತಿತ್ತು ಯಾಕಂದ್ರೆ ಅವರಲ್ಲಿ ಕನಿಷ್ಠ ಇಷ್ಟಾದ್ಮೇಲೇ ತೆಗೀಬಹುದು ಅಂತ ಮಿತಿ ಇರತ್ತೆ, ಮಳೆ ಸದ್ದು ಫ್ಯಾನ್ ಸದ್ದು ರೆಕಾರ್ಡ್ ಮಾಡಿ ಹಾಕಿ ಚಿಲ್ಲರೆ ಎತ್ತೋರೂ ಇದ್ರು. ಆದ್ರೆ ಚಿಲ್ಲರೆ ಚಿಲ್ಲರೆ ಸೇರಿ ವರ್ಷಕ್ಕೆ 4 ಕೋಟಿ ಡಾಲರ್ ಆಗತ್ತೆ ಅಂತ ಕಂಪನಿನೇ ಹೇಳಿತ್ತು. ಅದನ್ನ ಕಂಪನಿ ಇಟ್ಕೊಳ್ಳಲ್ಲ, ಸಾವಿರದ ಗೆರೆ ದಾಟಿದ ಹಾಡುಗಳಿಗೆ ಹಂಚತ್ತೆ. ಅಂದ್ರೆ ಹೆಚ್ಚು ಕೇಳೋ ಹಾಡಿಗೆ ಹೆಚ್ಚು ಪಾಲು.

ಇಲ್ಲಿ ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ನೀವು ತಿಂಗಳಿಗೆ 100 ರೂಪಾಯಿ ಕಟ್ಟಿ ಇಡೀ ತಿಂಗಳು ಒಂದೇ ಒಂದು ಕನ್ನಡ ಇಂಡಿ ಬ್ಯಾಂಡ್ ಕೇಳಿದ್ರೂ ಆ 100 ರೂಪಾಯಿ ನೇರವಾಗಿ ಅವರಿಗೆ ಹೋಗಲ್ಲ. ಎಲ್ಲರ ದುಡ್ಡೂ ಒಂದು ಹಂಡೆಗೆ ಬೀಳತ್ತೆ, ಕಂಪನಿ ತನ್ನ ಪಾಲು ತಗೊಂಡ್ಮೇಲೆ ಒಟ್ಟು ಪ್ಲೇಗಳಲ್ಲಿ ಯಾರದ್ದು ಎಷ್ಟು ಭಾಗ ಅಂತ ನೋಡಿ ಅಲ್ಲಿಂದ ಬಡಿಸ್ತಾರೆ. ದಿನವಿಡೀ ಟಾಪ್ ಹಿಟ್ಸ್ ಹಾಕ್ಕೊಂಡಿರೋ ಜಿಮ್ಮಿನ ಹುಡುಗನ ಪ್ಲೇ ಲೆಕ್ಕ ನಿಮ್ಮ ದುಡ್ಡನ್ನೂ ಎಳೀತಿರತ್ತೆ. ಬೇರೆ ದಾರಿನೂ ಇದೆ, ಸೌಂಡ್‌ಕ್ಲೌಡ್ ಅನ್ನೋ ಇನ್ನೊಂದು ಮ್ಯೂಸಿಕ್ ಆಪ್ 2021ರಲ್ಲಿ ಕೇಳುಗನ ದುಡ್ಡು ಅವನು ಕೇಳಿದೋರಿಗೇ ಹೋಗೋ ಪದ್ಧತಿ ತಂತು. ದೊಡ್ಡ ಕಂಪನಿಗಳು ಆ ಕಡೆ ತಿರುಗಿಲ್ಲ.

ಅದಕ್ಕೇ ಬ್ರಿಟನ್ನಿನ ಕೆಲವು ಕಲಾವಿದರು ಲೆವಿ ಬಗ್ಗೆನೇ ಮುಖ ಸಿಂಡರಿಸ್ತಾರೆ. ಮೊದಲು ನಮ್ಮ ಪಾಲು ನಮಗೆ ಕೊಡಿ, ಆಮೇಲೆ ದಾನ ಮಾಡಿ ಅಂತ.

## ದೊಡ್ಡವರ ಕಡೆ ನಿಂತು ನೋಡಿದ್ರೆ

ದೊಡ್ಡ ಬ್ಯಾಂಡುಗಳನ್ನ ವಿಲನ್ ಮಾಡೋದು ಸುಲಭ, ಸರಿಯಲ್ಲ. ಸ್ಟೇಡಿಯಂ ಶೋ ಅಂದ್ರೆ ನೂರಾರು ಜನರ ಕೆಲಸ, ಲಾರಿ, ಲೈಟು, ಸ್ಟೇಜ್ ಕಟ್ಟೋರು, ಅಡುಗೆಯವರು. ಊರಿನ ಹೋಟೆಲ್ಲು, ಟ್ಯಾಕ್ಸಿಗೂ ವ್ಯಾಪಾರ. ರೆಕಾರ್ಡ್ ಕಂಪನಿಗಳು ಹೊಸಬರ ಮೇಲೆ ಹಾಕೋ ದುಡ್ಡಿನ ದೊಡ್ಡ ಭಾಗ ಹಳೆ ಹಿಟ್‌ಗಳಿಂದ ಬಂದಿದ್ದೇ. ಅಲ್ಲದೆ ಹತ್ತು ಸಾವಿರ ಜನದ ಬ್ಯಾಂಡು ಬೇರೆ, ಎಂಬತ್ತು ಸಾವಿರದ ಬ್ಯಾಂಡು ಬೇರೆ. 5,000ದ ಗೆರೆ ಆಗಷ್ಟೇ ದಾಟಿರೋ ಬ್ಯಾಂಡಿಗೆ ಟೂರಲ್ಲಿ ಉಳಿಯೋದು ಕಡಿಮೆ, ಅವರಿಗೂ ಇವರಿಗೂ ಒಂದೇ ಪೌಂಡ್ ಅಂದ್ರೆ ಹೊರೆ ಒಂದೇ ಥರ ಬೀಳಲ್ಲ. ಪ್ರಮೋಟರುಗಳ ತಕರಾರಲ್ಲಿ ನನಗೆ ಸರಿ ಅನ್ಸೋದು ಇದೊಂದು. "ನಮಗೂ ಲಾಭ ಇಲ್ಲ" ಅನ್ನೋ ಮಾತು 355 ಪೌಂಡ್ ಟಿಕೆಟ್ ನೋಡಿದ್ಮೇಲೆ ನಂಬೋದು ಕಷ್ಟ.

ಗಮನ ಅನ್ನೋದನ್ನ ಕಾನೂನು ಮಾಡಿ ಹಂಚೋಕೂ ಆಗಲ್ಲ. ಇಷ್ಟ ಇಲ್ಲದ ಬ್ಯಾಂಡನ್ನ ಕೇಳು ಅಂತ ಯಾರಿಗೂ ಹೇಳಕ್ಕಾಗಲ್ಲ, ಹೇಳಲೂಬಾರದು. ಒಂದು ಪೌಂಡ್ ಲೆವಿ ಕೇಳ್ತಿರೋದೂ ಅದಲ್ಲ. ಯಾರು ಯಾರನ್ನ ಬೇಕಾದ್ರೂ ಕೇಳ್ಲಿ, ಮುಂದಿನೋರು ನಿಂತು ನುಡಿಸೋಕೆ ರೂಮ್ ಇರ್ಲಿ ಅಂತ.

## ಸೆಸ್ ಕಟ್ಟೋದು ಬೇರೆ, ತಲುಪೋದು ಬೇರೆ

ಫ್ರಾನ್ಸಲ್ಲಿ ಇದು ಹೊಸದಲ್ಲ. ಅಲ್ಲಿ ಸಂಗೀತ ಶೋ ಟಿಕೆಟ್ ಮೇಲೆ 3.5 ಪರ್ಸೆಂಟ್ ತೆರಿಗೆ ಇದೆ, ಕಡ್ಡಾಯ, ಅದು ರಾಷ್ಟ್ರೀಯ ಸಂಗೀತ ಕೇಂದ್ರಕ್ಕೆ ಹೋಗಿ ಅಲ್ಲಿಂದ ಶೋಗಳಿಗೆ, ವೆನ್ಯೂಗಳಿಗೆ ನೆರವಾಗಿ ವಾಪಸ್ ಬರತ್ತೆ. 2024ರಲ್ಲಿ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳ ಮೇಲೂ 1.2 ಪರ್ಸೆಂಟ್ ಹಾಕಿದ್ರು. ಕಡ್ಡಾಯ ಆದ್ರೆ ಮುಖ ನೋಡಿ ಮಣೆ ಹಾಕೋ ಪ್ರಶ್ನೆ ಬರಲ್ಲ, ಎಲ್ಲರೂ ಕಟ್ಬೇಕು. ಇದು ಬ್ರಿಟನ್ ದಾರಿಗಿಂತ ಗಟ್ಟಿ ಅಂತ ನನಗನ್ಸತ್ತೆ.

ಈ ಥರದ ಏರ್ಪಾಡು ನಮಗೂ ಗೊತ್ತಿಲ್ಲದ್ದೇನಲ್ಲ. ಮನೆ ಕಂದಾಯ ಕಟ್ಟೋ ರಸೀದಿಲಿ ಲೈಬ್ರರಿ ಸೆಸ್ ಅಂತ 6 ಪರ್ಸೆಂಟ್ ಇರತ್ತೆ, ಲೈಬ್ರರಿ ಕಡೆ ತಲೆ ಹಾಕಿ ಮಲಗದೋರೂ ಕಟ್ತಾರೆ. ಆ ದುಡ್ಡಲ್ಲಿ ನೂರಾರು ಕೋಟಿ ಪಾಲಿಕೆಯಲ್ಲೇ ಉಳ್ಕೊಂಡು ಗ್ರಂಥಾಲಯ ಇಲಾಖೆಗೆ ಹೋಗಿಲ್ಲ ಅನ್ನೋ ಸುದ್ದಿ ಬೆಂಗಳೂರಲ್ಲಿ ವರ್ಷ ವರ್ಷ ಬರತ್ತೆ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದಂಗೆ. 2024ರಲ್ಲಿ ಕರ್ನಾಟಕದ ವಿಧಾನಮಂಡಲ ಸಿನಿಮಾ ಟಿಕೆಟ್ಟು, ಒಟಿಟಿ ಚಂದಾ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕಿ ಸಿನಿಮಾ ಮತ್ತೆ ಸಾಂಸ್ಕೃತಿಕ ಕ್ಷೇತ್ರದ ಕೆಲಸಗಾರರ ಕ್ಷೇಮಕ್ಕೆ ಬಳಸೋ ವಿಧೇಯಕ ಪಾಸ್ ಮಾಡಿದೆ. ಅದಕ್ಕೂ ಇದೇ ಪ್ರಶ್ನೆ ಕಾದಿದೆ. ಬ್ರಿಟನ್ನಲ್ಲೂ ವೆನ್ಯೂಗೆ ಕೊಟ್ಟ ದುಡ್ಡು ಸ್ಟೇಜ್ ಮೇಲಿರೋ ಬ್ಯಾಂಡಿಗೆ ತಲುಪತ್ತಾ, ಇಲ್ಲಾ ಬಾಡಿಗೆ ಏರಿಸೋ ಕಟ್ಟಡದ ಮಾಲೀಕನ ಜೇಬಿಗೆ ಹೋಗತ್ತಾ ಅನ್ನೋ ಅನುಮಾನ ಇದೆ.

## ಬೆಂಗಳೂರಲ್ಲಿ ದುಡ್ಡಿಗಿಂತ ಮುಂಚೆ ಲೈಸೆನ್ಸು

ರಾಕ್ ಶೋ ಅಂದ್ರೆ ಬೆಂಗಳೂರು ಅನ್ನೋ ಕಾಲ ಇತ್ತು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರಲ್ಲಿ ಮೆಟಾಲಿಕಾ. ಕೋಲ್ಡ್‌ಪ್ಲೇ 2025ರ ಜನವರಿಯಲ್ಲಿ ಬಂದಿದ್ದು ಮುಂಬೈ ಮತ್ತೆ ಅಹಮದಾಬಾದಿಗೆ.

ಆದ್ರೆ ದೊಡ್ಡ ಶೋ ಎಲ್ಲಾಯ್ತು ಅನ್ನೋದಕ್ಕಿಂತ ಸಣ್ಣ ಶೋಗೆ ಜಾಗ ಇದ್ಯಾ ಅನ್ನೋದು ಮುಖ್ಯ. ನಮ್ಮಲ್ಲಿ ಒಂದು ವಿಚಿತ್ರ ಇದೆ. "ಲೈವ್ ಬ್ಯಾಂಡ್" ಅಂದ್ರೆ ಕನ್ನಡ ಪೇಪರ್ ಓದೋರಿಗೆ ನೆನಪಾಗೋದು ಗಿಟಾರ್ ಅಲ್ಲ, ಪೊಲೀಸ್ ರೇಡು. ಬಾರುಗಳಲ್ಲಿ ಹೆಣ್ಣುಮಕ್ಕಳ ಡ್ಯಾನ್ಸ್ ತಡೆಯೋ ಗದ್ದಲದ ಮಧ್ಯೆ 2005ರಲ್ಲಿ ಬಂದ ಸಾರ್ವಜನಿಕ ಮನರಂಜನೆ ಲೈಸೆನ್ಸ್ ಆದೇಶವನ್ನ ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡೀತು. ಅದಾದ್ಮೇಲೆ ಪೊಲೀಸರು ಲೈಸೆನ್ಸ್ ಇಲ್ಲದೆ ಮ್ಯೂಸಿಕ್ ಬೇಡ ಅಂತ ಪಬ್ಬುಗಳಿಗೆಲ್ಲ ಹೇಳಿದ್ರು. ಲೈಸೆನ್ಸ್ ಬೇಕಂದ್ರೆ ಕಟ್ಟಡಕ್ಕೆ ಓಸಿ (ಕಟ್ಟಡ ಬಳಸಬಹುದು ಅನ್ನೋ ಸರ್ಟಿಫಿಕೇಟು) ಬೇಕು, ಬೆಂಕಿ ಸುರಕ್ಷತೆಯ ಎನ್‌ಓಸಿ ಬೇಕು. ಬೆಂಗಳೂರಲ್ಲಿ ಎಷ್ಟು ಕಟ್ಟಡಕ್ಕೆ ಓಸಿ ಇದೆ ಅಂತ ಮನೆ ತಗೊಂಡೋರಿಗೆಲ್ಲ ಗೊತ್ತು. ಕಾನೂನು ಹೊರಟಿದ್ದು ಒಂದರ ಮೇಲೆ, ಏಟು ಬಿದ್ದಿದ್ದು ಮೂಲೆಲಿ ಕೂತು ಸ್ವಂತ ಹಾಡು ನುಡಿಸ್ತಿದ್ದೋರ ಮೇಲೂ. ಅಕ್ಕಪಕ್ಕದ ಮನೆಯವರಿಗೆ ರಾತ್ರಿ ನಿದ್ದೆ ಬೇಕು ಅನ್ನೋದೂ ನಿಜ, ಇಂದಿರಾನಗರದ ನಿವಾಸಿಗಳ ಸಿಟ್ಟು ಸುಮ್ಮನೆ ಬಂದಿದ್ದಲ್ಲ. ಅದೇ ಇಂದಿರಾನಗರದ ಹಮ್ಮಿಂಗ್ ಟ್ರೀ, ಸ್ವಂತ ಹಾಡಿನ ಬ್ಯಾಂಡುಗಳಿಗೆ ಹೆಸರಾಗಿದ್ದ ಜಾಗ, 2019ರಲ್ಲಿ ಮುಚ್ಚಿತು.

ಇಂಥ ಜಾಗಗಳಿಂದ ಏನು ಬರತ್ತೆ ಅನ್ನೋದಕ್ಕೆ ನಮ್ಮದೇ ಉದಾಹರಣೆ ಇದೆ. ರಘು ದೀಕ್ಷಿತ್ ಅವರ ಹಾಡುಗಳನ್ನ ರೆಕಾರ್ಡ್ ಕಂಪನಿಗಳು ವರ್ಷಗಟ್ಟಲೆ ಬೇಡ ಅಂದ್ವು. ಮುಂಬೈನ ಒಂದು ಗಿಗ್‌ನಲ್ಲಿ ಕೇಳಿದ ವಿಶಾಲ್-ಶೇಖರ್ ಜೋಡಿ 2008ರಲ್ಲಿ ಆಲ್ಬಮ್ ತಂದ್ರು. ಎರಡು ವರ್ಷಕ್ಕೆ, 2010ರಲ್ಲಿ, ಬಿಬಿಸಿಯ ಜೂಲ್ಸ್ ಹಾಲೆಂಡ್ ಅನ್ನೋರ ಮ್ಯೂಸಿಕ್ ಟಿವಿ ಶೋದಲ್ಲಿ ಪಂಚೆ ಉಟ್ಕೊಂಡು ಗೆಜ್ಜೆ ಕಟ್ಕೊಂಡು ಹಾಡಿದ್ರು. ಸಣ್ಣ ಶೋ, ಸರಿಯಾದ ಹೊತ್ತಿಗೆ ಸರಿಯಾದ ಕಿವಿ. ಗ್ಲಾಸ್ಗೋದ ಕತೆಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

## ಇನ್ನು ಏನಾಗಬಹುದು

ಬ್ರಿಟನ್ನಲ್ಲಿ ನೋಡ್ಬೇಕಾಗಿರೋದು ಒಂದೇ, ಸ್ವಯಂಪ್ರೇರಿತ ಅನ್ನೋದು ಕಡ್ಡಾಯ ಆಗತ್ತಾ ಅಂತ. ಆಗ್ಲಿಲ್ಲ ಅಂದ್ರೆ ಕೊಡೋ ಬ್ಯಾಂಡುಗಳು ಕೊಡ್ತಾ ಇರ್ತವೆ, ಮುಚ್ಚೋ ವೆನ್ಯೂಗಳು ಮುಚ್ತಾ ಇರ್ತವೆ. ಇದರ ಪರಿಣಾಮ ಈಗಾಗ್ಲೇ ಟೂರ್ ಪಟ್ಟಿಗಳಲ್ಲಿ ಕಾಣ್ತಿದೆ. 1994ರಲ್ಲಿ ಒಂದು ಸಣ್ಣ ಬ್ಯಾಂಡ್ ಟೂರ್ ಹೊರಟ್ರೆ ಸರಾಸರಿ 22 ಶೋ ಆಗ್ತಿತ್ತು, 2024ಕ್ಕೆ ಅದು 11. ಮೊದಲು ಕೈಬಿಟ್ಟಿದ್ದು ಸಣ್ಣ ಊರುಗಳನ್ನ. ಆ ಊರಿನ ಹುಡುಗ ಹುಡುಗಿ ಶೋ ನೋಡ್ಬೇಕಂದ್ರೆ ದೊಡ್ಡ ಸಿಟಿಗೆ ಟ್ರೈನ್ ಹಿಡೀಬೇಕು, ಟಿಕೆಟ್‌ಗಿಂತ ಟ್ರೈನ್ ಚಾರ್ಜೇ ಜಾಸ್ತಿ, ಹೋಗಲ್ಲ. ಹೋಗ್ದೆ ಇದ್ರೆ ನೋಡಿ ಕಲಿಯೋದಿಲ್ಲ, ಬ್ಯಾಂಡ್ ಕಟ್ಟೋದಿಲ್ಲ. ಇದರ ನಷ್ಟ ಗೊತ್ತಾಗೋದು ಈಗಲ್ಲ, ಹತ್ತು ಹದಿನೈದು ವರ್ಷ ಆದ್ಮೇಲೆ, ಸ್ಟೇಡಿಯಂ ತುಂಬಿಸೋಕೆ ಹೊಸಬರು ಯಾರೂ ಇಲ್ಲದೆ 60 ದಾಟಿದೋರನ್ನೇ ಮತ್ತೆ ಮತ್ತೆ ಒಂದುಗೂಡಿಸೋ ಸ್ಥಿತಿ ಬಂದಾಗ. ಸ್ವಲ್ಪ ಮಟ್ಟಿಗೆ ಈಗ್ಲೇ ಬಂದಿದೆ ಅನ್ನಬಹುದು.

ನಮ್ಮಲ್ಲಿ ಇಂಥ ಲೆವಿ ಮಾತೇ ಎದ್ದಿಲ್ಲ. ಕಾನ್ಸರ್ಟ್ ಟಿಕೆಟ್ 500 ರೂಪಾಯಿ ಒಳಗಿದ್ರೆ ಜಿಎಸ್‌ಟಿ ವಿನಾಯ್ತಿ, ದಾಟಿದ್ರೆ 18 ಪರ್ಸೆಂಟ್. ದೊಡ್ಡ ಶೋ ಟಿಕೆಟ್ ಬುಕ್ ಮಾಡಿ ಬಿಲ್ ತೆಗೆದು ನೋಡಿ, ಟಿಕೆಟ್ ರೇಟು ಆದ್ಮೇಲೆ ಎರಡು ಸಾಲು ಇರತ್ತೆ, ಒಂದು ಬುಕಿಂಗ್ ಕಂಪನಿಯ ಕನ್ವೀನಿಯೆನ್ಸ್ ಫೀ, ಇನ್ನೊಂದು ಜಿಎಸ್‌ಟಿ. ಬ್ರಿಟನ್ನಲ್ಲಿ ಜಗಳ ನಡೀತಿರೋದು ಮೂರನೇ ಸಾಲಿನ ಬಗ್ಗೆ.